ಮೆಟ್ಟಿಲ ದೀಪ

ಕೆಮಿಯಲ್ಲಿ ನವೆಂಬರ್ ಎಂದರೆ
ಮಧ್ಯಾಹ್ನ ಮೂರಕ್ಕೇ ಮುಗಿದುಹೋಗುವ ದಿನ.
ಬಂದರಿನ ತೂಕದ ಕಟ್ಟೆಯಲ್ಲಿ
ಕೊನೆಯ ಮರದ ಲಾರಿಗೆ ಚೀಟಿ ಹರಿದುಕೊಟ್ಟು
ಸ್ಕೌಟ್ ಸ್ಕಾರ್ಫು ಕಟ್ಟಿಕೊಳ್ಳುತ್ತೇನೆ.
ಐವತ್ತೆರಡು ವರ್ಷದ ಕೊರಳಿಗೆ ಅದು ಕೊಂಚ ಗಿಡ್ಡ.

ನಮ್ಮ ದಳಕ್ಕೊಂದು ಡೇರೆ ಬೇಕು.
ಹಳೆಯದಕ್ಕೆ ಒಲೆಯ ಕಿಡಿ ಬಿದ್ದು ತೂತಾಗಿ
ಮಲಗಿದರೆ ಒಂದು ನಕ್ಷತ್ರ ಕಾಣುತ್ತದೆ.
ಮಕ್ಕಳಿಗೆ ಅದೇ ಇಷ್ಟ, ಮಳೆಗೂ ಅದೇ ಇಷ್ಟ.
ಹಾಗಾಗಿ ಮಾರುತ್ತೇವೆ
ಡಿಸೆಂಬರಿನ ಇಪ್ಪತ್ತನಾಲ್ಕು ದಿನಕ್ಕೆ
ಇಪ್ಪತ್ತನಾಲ್ಕು ಪುಟ್ಟ ರಟ್ಟಿನ ಬಾಗಿಲಿರುವ ಕ್ಯಾಲೆಂಡರು,
ದಿನಕ್ಕೊಂದು ತೆರೆದರೆ ದಿನಕ್ಕೊಂದು ಚಿತ್ರ.
ಒಂದಕ್ಕೆ ಹತ್ತು ಯೂರೋ.

ಸೈಮಿಯಂಥವರಿಗೆ ಇದು ಆಟ.
ಸೂಪರ್‌ಮಾರ್ಕೆಟ್ಟಿನ ಗಾಜಿನ ಬಾಗಿಲಲ್ಲಿ ನಿಂತು
ಮೀನು ಮಾರುವವಳ ಹಾಗೆ ಕೂಗಿ
ಒಂದೇ ಶನಿವಾರಕ್ಕೆ ನಲವತ್ತು ಮಾರಿ ಬಂದಳು.
ಕೆಲವು ಅಪ್ಪ ಅಮ್ಮಂದಿರು
ಕಚೇರಿಯ ಕಾಫಿ ಮೇಜಿನ ಮೇಲೆ ಕಟ್ಟು ಬಿಚ್ಚಿಟ್ಟು
ಮಕ್ಕಳ ಹೆಸರಲ್ಲಿ ತಾವೇ ಮಾರುತ್ತಾರೆ.
ನಾನು ಕಂಡೂ ಕಾಣದಂತೆ ಲೆಕ್ಕ ಬರೆದುಕೊಳ್ಳುತ್ತೇನೆ.

ಹಿಲ್ಲಾಗೆ ಒಂಬತ್ತು ವರ್ಷ. ಮಾತು ತಡೆಯುತ್ತದೆ.
ಅದರಲ್ಲೂ ಕ.
ಕ ಬಂದರೆ ಅವಳ ಗಂಟಲಲ್ಲಿ
ಹಿಮ ಬಿಗಿದ ಬಾಗಿಲು.
'ಅಮ್ಮ ಮಾರಲಿ ಬಿಡು' ಎಂದೆ.
ಇಲ್ಲವೆಂದು ತಲೆಯಾಡಿಸಿದಳು;
ಆ ತಲೆಗೆ ಯಾವ ತೊದಲೂ ಇಲ್ಲ.
ಷರತ್ತು ಅವಳದೇ: ನಾನು ಒಂದು ಮಹಡಿ ಕೆಳಗೆ ನಿಲ್ಲಬೇಕು,
ಅವಳ ಮಾತನ್ನು ನಾನು ಮುಗಿಸಕೂಡದು.

ಆ ಕಟ್ಟಡದ ಮೆಟ್ಟಿಲ ದೀಪ ಮಹಾ ಜಿಪುಣ.
ಗುಂಡಿ ಒತ್ತಿದರೆ ಒಂದು ನಿಮಿಷ ಉರಿದು ಆರುತ್ತದೆ.
ಬೆಲ್ಲು ಮಾಡಿ ಬಾಗಿಲು ತೆರೆಯುವಷ್ಟರಲ್ಲಿ ಅರ್ಧ ಹೋಯಿತು.
'ನಮಸ್ಕಾರ, ನಾನು ಸ್ಕೌಟ್ ದಳದಿಂದ',
ಅಲ್ಲಿಯವರೆಗೆ ಸಲೀಸು.
'ಕ...
ಕ...'
ಟಕ್.
ಒಳಗಿನ ಬೆಳಕು ಒಂದು ಗೇಣು, ಉಳಿದದ್ದೆಲ್ಲ ಕತ್ತಲೆ.

ನನ್ನ ಕೈಯ ಪಕ್ಕದಲ್ಲೇ ಗುಂಡಿಯ ಕೆಂಪು ಚುಕ್ಕೆ.
ದಿನವಿಡೀ ಲಾರಿ ತೂಗುವವನಿಗೆ
ಒಂದಕ್ಷರದ ತೂಕ ಗೊತ್ತಿರಲಿಲ್ಲ.
ಕೈಯನ್ನು ಜೇಬಿಗೆ ತುರುಕಿಕೊಂಡೆ.

ಮೇಲೆ ಚಪ್ಪಲಿ ಎಳೆಯುವ ಸದ್ದು.
'ತಡಿ ಮರೀ, ದೀಪ ಹಾಕ್ತೀನಿ',
ಮುದಿ ದನಿಯೊಂದು ಹೊರಬಂದು ಗೋಡೆ ತಡಕಿತು.
ಬೆಳಕು. ಮತ್ತೆ ಕ. ಮತ್ತೆ ಟಕ್.
ಮೂರನೆಯ ಸಲಕ್ಕೆ ಸೋತು ಹಿಲ್ಲಾ
ಚಿತ್ರವನ್ನೇ ಎತ್ತಿ ತೋರಿಸಿದಳು.
ಅಜ್ಜಿ ಎರಡು ಕೊಂಡಳು.

ಮೇಲಿನ ಮನೆಯ ಹುಡುಗ ಹೆಡ್‌ಫೋನ್ ಇಳಿಸಿ
ಅವಳು ಕ ಅನ್ನುವ ಮೊದಲೇ ನೋಟು ಚಾಚಿ,
ಒಂದನ್ನು ಎಳೆದುಕೊಂಡು, ಬಾಗಿಲು ಹಾಕಿದ.
ದುಡ್ಡು ಮುಷ್ಟಿಯಲ್ಲಿ, ಅಕ್ಷರ ಬಾಯಲ್ಲಿ.
'ಮಾರಾಟವಾಯ್ತಲ್ಲ' ಎಂದೆ ಕೆಳಗಿನಿಂದ.
ಅವಳು ನನ್ನತ್ತ ನೋಡಲೇ ಇಲ್ಲ.

ಮೂರನೇ ಮಹಡಿಯಲ್ಲಿ ನಾಯಿಯೊಂದೇ ಉತ್ತರಿಸಿತು.
ಮುಚ್ಚಿದ ಬಾಗಿಲಾಚೆಯ ಅದಕ್ಕೆ
ಇಡೀ ಮಾತನ್ನು ಎರಡು ಸಲ ಒಪ್ಪಿಸಿದಳು.

ನಾಲ್ಕನೇ ಮಹಡಿ. ಹುರಿಯುವ ಈರುಳ್ಳಿ,
ಬನಿಯನ್ನು ತೊಟ್ಟ ದೊಡ್ಡ ಮನುಷ್ಯ.
ಕೈಯಲ್ಲಿ ಸೌಟು, ಮುಖ ಗಂಟಿಕ್ಕಿಕೊಂಡೇ ನಿಂತ,
ಆದರೆ ನಿಂತ.
ದೀಪ ಆರಿದಾಗ ತಾನೇ ಕೈಚಾಚಿ ಒತ್ತಿದ, ಮತ್ತೆ ನಿಂತ.
ಈರುಳ್ಳಿ ಸೀಯುವ ಹೊತ್ತಿಗೆ ಬಂತು
ಮೊದಲು ಕ, ಅದರ ಬಾಲ ಹಿಡಿದು ಉಳಿದವೆಲ್ಲ:
'ಕ್ಯಾಲೆಂಡರ್ ಬೇಕಾ, ನಮ್ಮ ಡೇರೆಗೆ, ಹತ್ತು ಯೂರೋ.'
'ಬೇಡ' ಎಂದ. ಬಾಗಿಲು ಹಾಕಿಕೊಂಡ.

ಎರಡೆರಡು ಮೆಟ್ಟಿಲು ಹಾರುತ್ತ ಇಳಿದು ಬಂದಳು.
'ಕೇಳಿಸ್ತಾ?'
'ಕೇಳಿಸ್ತು. ಆದ್ರೆ ಅವನು ತಗೊಳ್ಳಲಿಲ್ಲ.'
'ಬೇಡ ಅಂದ' ನಕ್ಕಳು,
'ಪೂರ್ತಿ ಕೇಳಿ ಬೇಡ ಅಂದ!'

ಅಷ್ಟರಲ್ಲಿ ಟಕ್.
ನಮ್ಮಿಬ್ಬರ ನಡುವೆ ಆ ಕೆಂಪು ಚುಕ್ಕೆ.
ಯಾರೂ ಒತ್ತಲಿಲ್ಲ.
ಸೀದ ಈರುಳ್ಳಿಯ ವಾಸನೆಯಲ್ಲಿ
ಕಾಲಿಂದ ಮೆಟ್ಟಿಲು ತಡವಿಕೊಂಡು ಇಳಿದೆವು,
ಅವಳ ಜೇಬಲ್ಲಿ ಮೂವತ್ತು ಯೂರೋ,
ನನ್ನ ಚೀಲದಲ್ಲಿ
ಮಾರದೆ ಉಳಿದ ಹದಿನೇಳು.