ಎರಡೂವರೆ ಕಿಲೋ

ಸಿನ್ಯೋರಾ ಫಿಲೊಮೆನಾಳ ಬಚ್ಚಲಲ್ಲಿ ತೂಕದ ಯಂತ್ರ.
ಬರಿಗೈಲಿ ಹತ್ತಿದರೆ ಎಪ್ಪತ್ತೊಂದು,
ಪೆಟ್ಟಿಗೆ ತಬ್ಬಿ ಹತ್ತಿದರೆ ತೊಂಬತ್ತಮೂರೂವರೆ.
ಕಳೆ. ಇಪ್ಪತ್ತೆರಡೂವರೆ.
ವಿಮಾನದವರು ಬಿಡುವುದು ಇಪ್ಪತ್ತು.
ಬಾರಿ ಊರಿನ ಪಾಸ್ತಾ ತಿಂದು ಎಂಟು ವರ್ಷದಲ್ಲಿ
ನಾನು ಏರಿದ್ದಕ್ಕೆ ದುಡ್ಡು ಕೇಳುವುದಿಲ್ಲ, ಪುಣ್ಯ.

ಹದಿನಾರು ದಿನದಿಂದ ಇದೇ ಕೆಲಸ.
ಪಾಸ್‌ಪೋರ್ಟು ಹೊಸದು ಮಾಡಿಸಲು ಹೋದಾಗ
ಕಿಟಕಿಯಾಚೆಯ ಹುಡುಗ ಹಳೆಯ ಫೋಟೋ ನೋಡಿ
ನನ್ನ ನೋಡಿ, ಮತ್ತೆ ಫೋಟೋ ನೋಡಿ
"ಅಮ್ಮಾ, ಇದು ನೀವೇನಾ?" ಅಂದ, ನಮ್ಮ ಜಾರ್ಜಿಯನ್ ಭಾಷೆಯಲ್ಲೇ.
ಹೌದಪ್ಪ, ಅಂದೆ.
ಬೇರೆ ಸಾಕ್ಷಿ ಎಲ್ಲಿಂದ ತರಲಿ?

ಅತ್ತೆಗೆ ಮಂಡಿನೋವಿನ ಮುಲಾಮು, ಆರು ಟ್ಯೂಬು.
ಗಿವಿಗೆ ಗೋಡೆ ಕೊರೆಯುವ ಡ್ರಿಲ್ಲು. ಅವನು ಕೇಳಿದ್ದಲ್ಲ;
ಏನೂ ಕೇಳದ ಗಂಡನಿಗೆ ಏನು ಒಯ್ಯುವುದು ಅಂತ
ಮೂರು ಅಂಗಡಿ ತಿರುಗಿದೆ.
ಕೆಳಮನೆಯ ಎತೇರಿಗೆ ಕಾಫಿ.
ಮಗಳಿಗೆ ಜ್ವರ ಏರಿದ ರಾತ್ರಿ ಕೇಬಲ್ ಕಾರು ನಿಂತಿತ್ತು,
ಬೆಟ್ಟ ಇಳಿದು ಡಾಕ್ಟರನ್ನು ಕರೆತಂದವಳು ಅವಳು.
ಋಣ ಕಾಫಿಯಲ್ಲಿ ತೀರುವುದಿಲ್ಲ, ಗೊತ್ತು.
ಎರಡು ಪೊಟ್ಟಣ ಕೈಗಿಟ್ಟರೆ ಮಾತಿಗೊಂದು ತುದಿ ಸಿಗುತ್ತದೆ.

ಇನ್ನು ಸೋಫಿಕೋಗೆ ಶೂ.
ಅವಳ ಪಾದ ನನ್ನ ಪರ್ಸಿನಲ್ಲಿದೆ,
ಲೆಕ್ಕದ ಪುಸ್ತಕದ ಚೌಕಳಿ ಹಾಳೆಯ ಮೇಲೆ
ಪೆನ್ಸಿಲಿನಲ್ಲಿ ಸುತ್ತು ಬರೆದು ಕತ್ತರಿಸಿದ್ದು,
ಒಂದು ಗೇಣು, ಅಷ್ಟೇ.
ಕಚಗುಳಿಗೆ ಕಿರುಬೆರಳು ಅಲುಗಿಸಿದ್ದಳು, ಅಲ್ಲಿ ಗೆರೆ ಸೊಟ್ಟ.
ಇದರ ಅಳತೆಯ ಶೂ ತರುತ್ತೇನೆ ಅಂತ ಹೇಳಿ
ಬಸ್ಸು ಹತ್ತಿದವಳು ನಾನು.
ಈಗ ಫೋನಿನಲ್ಲಿ "ಮೂವತ್ತೊಂಬತ್ತು ನಂಬರು, ಕಪ್ಪು" ಅನ್ನುತ್ತಾಳೆ.
ಅಂಗಡಿಯಲ್ಲಿ ಕಪ್ಪು ಮೂವತ್ತೊಂಬತ್ತರೊಳಗೆ
ಆ ಹಾಳೆಯನ್ನು ಇಳಿಬಿಟ್ಟು ನೋಡಿದೆ.
ಒಣಗಿದ ಎಲೆಯ ಹಾಗೆ ಅತ್ತಿತ್ತ ಸರಿಯಿತು.
ಮಾರುವ ಹುಡುಗಿ ಏನೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೇನೋ.

ಎರಡೂವರೆ ಕಿಲೋ. ಏನು ತೆಗೆಯಲಿ?
ಡ್ರಿಲ್ಲು ತೆಗೆದೆ, ಇಟ್ಟೆ. ಕಾಫಿ ತೆಗೆದೆ, ಇಟ್ಟೆ.
ತಳಕ್ಕೆ ಕೈ ಹಾಕಿದರೆ ನಾನು ತುಂಬದ್ದು ಸಿಕ್ಕಿತು:
ಒಂದು ಕಿಲೋ ಉಪ್ಪು,
ಎಡಗಾಲಿನ ಒಂಟಿ ಚಪ್ಪಲಿ,
ಚೌಕಟ್ಟಿನ ಸಮೇತ ಮೀಸೆಯ ಗಂಡ,
ಬಟ್ಟೆ ಒಣಹಾಕುವ ಕ್ಲಿಪ್ಪು ಒಂಬತ್ತು.
ತಿರುಗಿ ನೋಡಿದರೆ ಬಾಗಿಲಲ್ಲಿ ಸಿನ್ಯೋರಾ,
ಕೋಟು ತೊಟ್ಟು, ಗುಂಡಿ ಒಂದು ಮನೆ ತಪ್ಪಿಸಿ.
"ಬಸ್ಸು ಎಷ್ಟು ಹೊತ್ತಿಗೆ?"

ದಿನಾ ಬೆಳಗ್ಗೆ ನೀನು ಯಾರೆಂದು ಕೇಳುವವಳು,
ಲಮಾರಾ ಎಂಬುದನ್ನು ಐದು ಹೆಸರು ಮಾಡಿದವಳು,
ಹೊರಡುವುದನ್ನು ಮಾತ್ರ ಮೂಸಿಯೇ ಹಿಡಿದಿದ್ದಳು.
ನಾಳೆ, ಅಂದೆ. ಗುಂಡಿ ಬಿಚ್ಚಿದೆ.
ಉಪ್ಪು ಅಡಿಗೆಮನೆಗೆ, ಗಂಡ ಗೋಡೆಗೆ.
ಮತ್ತೆ ತೂಗಿದರೆ ಇಪ್ಪತ್ತು ಚಿಲ್ಲರೆ.
ಚಿಲ್ಲರೆಯಷ್ಟು ಸ್ವೆಟರು ಮೈಮೇಲೆ ಬರಲಿ;
ಜುಲೈ ಸೆಕೆ, ಬೆವರಿದರೆ ಬೆವರಿದೆ.

ನಾತೆಲಾ, ಚೀಟಿ ಫ್ರಿಜ್ಜಿಗೆ ಅಂಟಿಸಿದ್ದೇನೆ, ಆದರೂ ಕೇಳು.
ಬಿಳಿ ಮಾತ್ರೆ ಸೂಪಿನ ನಂತರ, ಮೊದಲಲ್ಲ.
ರಾತ್ರಿ ಗ್ಯಾಸು ಕೆಳಗಿನಿಂದಲೇ ಬಂದ್ ಮಾಡು.
ಬೆನ್ನುಜ್ಜುವಾಗ ಮಾತಾಡುತ್ತಿರು, ಯಾವ ಭಾಷೆಯಾದರೂ ಸರಿ,
ನಮ್ಮ ಚಿಯಾತುರಾದ ಗಣಿಯ ಕತೆ ಹೇಳಿದರೂ ಹೂಂಗುಡುತ್ತಾಳೆ.
ನನ್ನನ್ನು ಕೇಳಿದರೆ, ಕೇಳಲಿಕ್ಕಿಲ್ಲ,
ಬ್ರೆಡ್ಡು ತರಲು ಹೋಗಿದ್ದಾಳೆ ಅನ್ನು.
ಇಪ್ಪತ್ತೆಂಟು ದಿನವೂ ಅದನ್ನೇ ಅನ್ನು.
ಮತ್ತೆ, ಒಂದು ಕ್ಲಿಪ್ಪು ನನ್ನ ಪೆಟ್ಟಿಗೆಯಲ್ಲೇ ಉಳಿಯಿತು,
ಗೊತ್ತಿದ್ದೂ ತೆಗೆಯಲಿಲ್ಲ.
ಎಂಟು ಸಾಕು ನಿನಗೆ.
ದೊಡ್ಡ ದುಪ್ಪಟಿ ಹರವಿದ ದಿನ ಮಾತ್ರ
ಹಗ್ಗಕ್ಕೊಂದು ಗಂಟು ಹಾಕಿಕೋ,
ಇಲ್ಲಿ ಸಮುದ್ರದ ಗಾಳಿ ಜೋರು.