ಎಷ್ಟು ಮೆಲ್ಲಗೆ

ಗ್ರಾಂಟ್ ರೋಡಿನಲ್ಲಿ ಇಳಿದು ನಡೆದೆವು, ನಾನು ಮತ್ತು ದೇಜಣ್ಣ.
ಒಳಜೇಬಿನಲ್ಲಿ ಮೂರು ಸಾವಿರದ ಐನೂರ ಎಪ್ಪತ್ತು,
ಇಪ್ಪತ್ತೊಂದು ಹೆಸರಿನ ಚೀಟಿ.
ತಲೆಗೆ ನೂರೈವತ್ತು; ಗ್ಲಾಸು ತೊಳೆಯುವ ರಾಮಾಶ್ರಯನದು ಮಾತ್ರ ಎಪ್ಪತ್ತು,
ಉಳಿದದ್ದು ಪಗಾರ ಆದ ಮೇಲೆ ಅಂದಿದ್ದಾನೆ.
ಧಣಿಗಳ ಐನೂರು ಬೇರೆ, ಅದರಡಿ ಗೆರೆ ಎಳೆದಿದೆ.

ವರ್ಷಕ್ಕೊಂದೇ ಸೋಮವಾರ ನಮ್ಮ ಹೋಟೆಲಿನ ಶಟರು ಇಳಿಯುವುದು.
ಈ ಸಲ ಗೊರಾಯಿ, ದೋಣಿಯಲ್ಲಿ ಖಾಡಿ ದಾಟಿ.
ಹೋದ ವರ್ಷ ಮೊಬೈಲನ್ನು ಚೊಂಬಿನೊಳಗಿಟ್ಟು ಹಾಡು ಕೇಳಿದ್ದೆವು.
ಸಾಂಬಾರಿನ ಬಕೆಟ್ಟಿನಲ್ಲಿಟ್ಟರೆ ಇನ್ನೂ ಜೋರು ಎಂದ ಯಾರೋ.
ಬಕೆಟ್ಟಿನಲ್ಲಿ ಸಾಂಬಾರು ಇತ್ತು.
ಹಾಗಾಗಿ ಸ್ಪೀಕರು.

ಲ್ಯಾಮಿಂಗ್ಟನ್ ರೋಡಿನ ಕಚ್ಛೀ ಹುಡುಗ
ಗಾಜಿನ ಮೇಲೆ ಆರು ಇಟ್ಟ.
ಒಂದು ಲೋಟದ ಹಾಗೆ, ಒಂದು ಸಾಬೂನಿನ ಹಾಗೆ,
ಒಂದು ಮೈತುಂಬ ದೀಪ ಮಿಣುಕಿಸುತ್ತ
ಬರಾತಿನ ಕುದುರೆಯಂತೆ ನಿಂತಿತು.
ಬಾಟಲಿ ನೀರನ್ನು ತಲೆಯ ಮೇಲೆ ಸುರಿದು ತೋರಿಸಿದ;
ಅಭಿಷೇಕ ಮಾಡಿಸಿಕೊಳ್ಳುತ್ತಲೇ ಹಾಡಿತು ಅದು.
ಹನ್ನೆರಡು ತಾಸು ಬ್ಯಾಟರಿ ಅಂದ.
ಮೂವತ್ತು ಅಡಿ ದೂರದಿಂದಲೂ ಹಿಡಿಯುತ್ತದೆ ಅಂದ.
ಆರಡಿ ಅಗಲದ ಅಂಗಡಿಯಲ್ಲಿ ನಿಂತು
ನಂಬದೆ ಏನು ಮಾಡುವುದು?
ಒಂದೊಂದನ್ನೂ ತುದಿಯವರೆಗೆ ಏರಿಸಿದ.
ಎದುರಿನ ಕೇಬಲ್ ಅಂಗಡಿಯವ ತಿರುಗಿ ನೋಡಿದ.
ನನ್ನ ಕಣ್ಣು ಕುದುರೆಯ ಮೇಲೆ.

ದೇಜಣ್ಣ ಮಾತಾಡಲಿಲ್ಲ.
ಇಪ್ಪತ್ತಾರು ವರ್ಷ ರುಬ್ಬುವ ಮೋಟಾರಿನ ಮಗ್ಗುಲಲ್ಲೇ ದೋಸೆ ಹುಯ್ದವನು.
ಎಡಗಿವಿಯನ್ನು ಆ ಮೋಟಾರು ತಿಂದಿದೆ.
ಆರ್ಡರು ಬಲಗಡೆ ನಿಂತು ಕೂಗಬೇಕು;
ಎಡಗಡೆಯಿಂದ ಕೂಗಿದ ಮಸಾಲೆ
ಯಾವ ಟೇಬಲಿಗೂ ಬಂದದ್ದಿಲ್ಲ.

ಕಾವಲಿ ಕಾದಿದೆಯೋ ಎಂದು ನೋಡುವ ಹಾಗೆ
ಅಂಗೈ ಚಾಚಿದ ಸ್ಪೀಕರಿನ ಮೇಲೆ,
ಮುಟ್ಟಿಯೂ ಮುಟ್ಟದೆ.
ಒಂದನ್ನು ಬಿಟ್ಟ. ಮತ್ತೊಂದನ್ನು ಬಿಟ್ಟ. ಕುದುರೆಯನ್ನೂ ಬಿಟ್ಟ.
ಆಮೇಲೆ ತನ್ನ ಮುರುಕು ಹಿಂದಿಯಲ್ಲಿ ಕೇಳಿದ:
ಇದು ಎಷ್ಟು ಮೆಲ್ಲಗೆ ಆಗ್ತದೆ?

ಹುಡುಗ ನನ್ನ ಮುಖ ನೋಡಿದ.
ಆ ಪ್ರಶ್ನೆಗೆ ಅವನಲ್ಲಿ ರೆಡಿ ಮಾತಿರಲಿಲ್ಲ.
ಗುಂಡಿ ಒತ್ತುತ್ತ ಒಂದೊಂದೇ ಮೆಟ್ಟಿಲು ಇಳಿಸಿದ.
ಲೋಟದಂಥದ್ದು ಮೂರನೆಯದಕ್ಕೇ ಸತ್ತಿತು.
ಕುದುರೆ ಚುಂಯ್ ಎಂದಿತು, ಹಾಡಿಲ್ಲ, ದೀಪ ಮಾತ್ರ.
ಒಗೆಯುವ ಕಲ್ಲಿನ ಬಣ್ಣದ, ಹಿಡಿಕೆಯೂ ಇಲ್ಲದ ಒಂದು
ಕಟ್ಟಕಡೆಯ ಮೆಟ್ಟಿಲಲ್ಲೂ ಶಬ್ದ ಶಬ್ದ ಬಿಡಿಸಿ ಹೇಳಿತು.
ದೇಜಣ್ಣ ಬಲಗಿವಿ ಬಗ್ಗಿಸಿದ,
ಚಾಡಿ ಹೇಳುವ ಮಗುವಿಗೆ ಬಗ್ಗುವಂತೆ.
ಇದು, ಅಂದ.

ಮೂರು ಸಾವಿರದ ಎಂಟುನೂರು. ಜಗ್ಗಾಡಿ ಐನೂರೈವತ್ತಕ್ಕೆ ತಂದೆ.
ಮಿಕ್ಕ ಇಪ್ಪತ್ತಕ್ಕೆ ಎರಡು ಕಟಿಂಗ್ ಚಾ,
ಅದನ್ನೂ ಚೀಟಿಯಲ್ಲಿ ಬರೆದೆ.
ಸಮುದ್ರದ ಎದುರು ಮೆಲ್ಲಗೆ ಯಾಕೆ ದೇಜಣ್ಣ, ಎಂದು ಲೋಕಲಿನಲ್ಲಿ ಕೇಳಿದೆ.
ನಾನು ನಿಂತದ್ದು ಎಡಗಡೆ.
ರಶ್ಶಿನಲ್ಲಿ ಬಲಕ್ಕೆ ಹೋಗಲಾಗಲಿಲ್ಲ.

ಗೊರಾಯಿಯಲ್ಲಿ ಅದು ಸಾಲಲಿಲ್ಲ, ಸುಳ್ಳು ಯಾಕೆ.
ಪಕ್ಕದ ಗುಂಪಿನ ಟೆಂಪೋದ ಡಬ್ಬ ನಮ್ಮ ಹಾಡನ್ನು ನುಂಗಿತು,
ಗಾಳಿ ಉಳಿದದ್ದನ್ನು.
ಹುಡುಗರು ಟೆಂಪೋದ ಹಾಡಿಗೇ ಕುಣಿದರು, ಪುಕ್ಕಟೆ.
ನನ್ನನ್ನು ಬೈದರು, ದೇಜಣ್ಣನನ್ನು ಬೈಯಲಿಲ್ಲ.

ಕೊನೆಯ ಲೋಕಲು ತಪ್ಪಿದ ಒಂದು ರಾತ್ರಿ ಹೋಟೆಲಿನಲ್ಲೇ ಮಲಗಿದೆ.
ತೊಳೆದ ನೆಲ ಆರಿರಲಿಲ್ಲ. ಜೋಡಿಸಿದ ಟೇಬಲುಗಳ ಮೇಲೆ ಹುಡುಗರು,
ಹಿಟ್ಟಿನ ಡಬ್ಬದ ಪಕ್ಕ ಅದು. ರಬ್ಬರಿಗೆ ಆಗಲೇ ಇಂಗಿನ ವಾಸನೆ.
ರಾಮಾಶ್ರಯನ ತಾಯಿ ಕಳಿಸಿದ ವಾಯ್ಸ್ ಮೆಸೇಜು,
ದನ, ಬಾವಿ, ಯಾರದೋ ಮದುವೆ,
ಕಟ್ಟಕಡೆಯ ಮೆಟ್ಟಿಲಲ್ಲಿ.
ಮಲಗಿದ್ದವರು ಯಾರೂ ಎದ್ದಿಲ್ಲ.

ದೇಜಣ್ಣ ನೆಲದ ಮೇಲೆ,
ಬಲಗಿವಿ ದಿಂಬಿಗೆ ಒತ್ತಿ,
ಅಂದರೆ ಏನೂ ಕೇಳಿಸದ ಭಂಗಿ,
ಕೈ ಮೇಲೆ ಚಾಚಿ ಅಂಗೈ ಅದರ ಬೆನ್ನಿಗಿಟ್ಟು,
ನಾಲ್ಕಕ್ಕೆ ಮೋಟಾರು ಶುರುವಾಗುವ ತನಕ.