ನೆರಳು ಬಿದ್ದ ಕಡೆ

ಬೀಜದ ಪೊಟ್ಟಣಕ್ಕೊಂದು ಚಿತ್ರ ಬೇಕಿತ್ತು ಕಂಪನಿಗೆ:
ತೋಟದಲ್ಲಿ ಮಗು, ಕೈಯಲ್ಲಿ ನೀರಿನ ಝಾರಿ, ಮುಖದಲ್ಲಿ ನಗು.
ಪೈಪುಸ್ ಸರೋವರದ ದಂಡೆಗೆ, ಈರುಳ್ಳಿ ಬೆಳೆವ ಊರಿಗೆ
ಬಸ್ಸು ಹತ್ತಿ ಹೋದೆ, ತೊಡೆಯ ಮೇಲೆ ಬಣ್ಣದ ಡಬ್ಬಿ.

ಊರಿಗೆ ಒಂದೇ ಬೀದಿ. ಮೊಣಕಾಲೆತ್ತರದ ಪಾತಿಗಳು
ನೀರಿನಂಚಿನವರೆಗೂ.
ಉಸ್ತೀನ್ಯಾಗೆ ಒಂಬತ್ತು. ಕಳೆ ಕೀಳುತ್ತಿದ್ದಳು,
ಒಮ್ಮೆಯೂ ತಲೆಯೆತ್ತದೆ.
ಕಂಪನಿ ಹೇಳಿದ್ದನ್ನೇ ಬರೆದೆ.

ಮಣ್ಣುಗೈ ಲಂಗಕ್ಕೊರೆಸಿಕೊಂಡು ನೋಡಿದಳು,
ಲೆಕ್ಕದ ಮೇಷ್ಟ್ರು ನೋಡುವ ಹಾಗೆ.
"ನಡುಮಧ್ಯಾಹ್ನ ಯಾರಾದರೂ ನೀರು ಹಾಕುತ್ತಾರಾ?
ಬೂಟು ಯಾಕೆ ಕೆಂಪು? ಇದು ಅಣ್ಣನದು,
ಎಡಗಾಲಿನದು ಸೋರುತ್ತದೆ, ಅದೂ ಬರಬೇಕು.
ಏನು ನೋಡಿ ನಗುತ್ತಿದ್ದೇನೆ ನಾನು, ಈರುಳ್ಳಿಯನ್ನಾ?"

ಅವಳ ಎಸ್ಟೋನಿಯನ್ ಶಾಲೆಯದು, ನನ್ನ ರಷ್ಯನ್ ಸಂತೆಯದು;
ಬೈದದ್ದು ಮಾತ್ರ ಪೂರಾ ತಿಳಿಯಿತು.
ನಗು ಅಳಿಸಿದೆ. ಝಾರಿ ಅಳಿಸಿದೆ.
ಬೂಟಿಗೆ ತೂತು, ಉಗುರಿಗೆ ಕಪ್ಪು.

ಆಮೇಲೆ ಅವಳ ಬೆರಳು ಕಾಗದದ ಮೂಲೆಗೆ ಬಂದು ನಿಂತಿತು.
ದನಿ ಇಳಿಯಿತು: "ಇದನ್ನ ತೆಗೆದುಬಿಡು."
ಮೂರನೇ ಪಾತಿಯ ತುದಿಗೆ, ಎಲೆಗಳ ಸಂದಿಯಲ್ಲಿ
ಒಂದು ಗಸಗಸೆ ಗಿಡ. ಒಂದೇ ಮೊಗ್ಗು, ಕತ್ತು ಬಾಗಿಸಿ.
ಅದೊಂದನ್ನು ಮಾತ್ರ ಕಂಡ ಹಾಗೆ ಬರೆದಿದ್ದೆ.
"ಅಜ್ಜಿ ನೋಡಿದರೆ ಕಿತ್ತು ಕೋಳಿಗೆ ಹಾಕುತ್ತಾಳೆ.
ಈರುಳ್ಳಿಯ ಅನ್ನ ಕದಿಯುತ್ತದಂತೆ."

ಆ ಮೂಲೆಯ ಬಣ್ಣವನ್ನು ಕಾಗದ ಆಗಲೇ ಕುಡಿದಿತ್ತು,
ತಿಕ್ಕಿದರೆ ಹರಿಯುತ್ತಿತ್ತು.
ಹಾಗಾಗಿ ಅವಳ ನೆರಳನ್ನೇ ಎಳೆದು ತಂದೆ
ಗಿಡದ ಮೇಲೆ, ಮಲಗಿದವರಿಗೆ ಕಂಬಳಿ ಎಳೆದಂತೆ.

ನಗು ಇಲ್ಲವೆಂದು ಕಂಪನಿಯವರು ಗೊಣಗಿದರು,
ಐದು ಯೂರೋ ಮುರಿದುಕೊಂಡೇ ಕೊಟ್ಟರು.

ಹಿಮ ಕರಗಿದ ಮೇಲೆ ಪೊಟ್ಟಣ ಹಿಡಿದು ಮತ್ತೆ ಹೋದೆ.
ಫೆವ್ರೋನಿಯಾ ಅಜ್ಜಿ ಒಲೆಯ ಪಕ್ಕ ಕೂತು
ಬಿತ್ತನೆಯ ಗಡ್ಡೆ ಆರಿಸುತ್ತಿದ್ದಳು.
ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು
"ಬೂಟು ಸರಿಯಾಗಿದೆ" ಅಂದಳು.
ಇನ್ನೆರಡು ಗಡ್ಡೆ ಬುಟ್ಟಿಗೆ ಬಿದ್ದ ಮೇಲೆ:
"ನೆರಳು ತಪ್ಪಿದೆಯಲ್ಲ. ಸೂರ್ಯನೂ ಇತ್ತ, ನೆರಳೂ ಇತ್ತ?"

ನಾನು ಚಹಾದ ಲೋಟದೊಳಗೆ ನೋಡಿದೆ.
ಉಸ್ತೀನ್ಯಾ ಎಡಗಾಲಿನ ಬೂಟಿಗೆ
ಹಳೆ ಪತ್ರಿಕೆ ತುರುಕುತ್ತಿದ್ದಳು.
ತಲೆಯೆತ್ತದೆ ಹೇಳಿದಳು:
"ಅವತ್ತು ಹಾಗೇ ಬಿದ್ದಿತ್ತು."